ಬೂಟಿನೊಳಗಿನ ಕರಡಿಗೆ

“ಸಾರ್, ನೀರು ಮುಟ್ಬೇಡಿ!”

ಮಧ್ವೇಶ್ ಕೂಗಿದ. ಸುತ್ತಲಿನ ಬಂಡೆಗಳು ಅದೇ ಕೂಗನ್ನು ಇನ್ನೂ ನಾಲ್ಕು ಸಲ ಕೂಗಿದವು. ಆದರೆ ಈ ಮುನಿರಾಜುವನ್ನು ತಡೆಯುವ ಕೂಗು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ನನ್ನ ಪತ್ತೇದಾರಿ ಆಫೀಸಿದೆ. ಅಲ್ಲಿ ಕೂತು ನಾನು ಬಗೆಹರಿಸಿದ ಕೇಸುಗಳ ಫೈಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ವಿಧಾನಸೌಧಕ್ಕೆ ನೆರಳು ಬೀಳುತ್ತದೆ.

ನಾನು ಬಗ್ಗಿ, ನನ್ನಜ್ಜಿ ಚಿಕ್ಕಲಕ್ಷ್ಮಮ್ಮನ ಕಬ್ಬಿಣದ ಅಡಕತ್ತರಿಯನ್ನು ಜೇಬಿನಿಂದ ತೆಗೆದು ನೀರಿಗೆ ಅದ್ದಿದೆ. ನೂರು ಎಣಿಸತೊಡಗಿದೆ.

ಅಂಥ ನೀರನ್ನು ನೀವು ನೋಡಿರಲಾರಿರಿ. ನೂರಾರು ನವಿಲುಗಳ ಕತ್ತು ಹಿಂಡಿ ಹೊಂಡ ತುಂಬಿಸಿದ ಹಾಗಿತ್ತು. ಕೆಂಗೇರಿ ದಾಟಿ, ಕುರುಚಲು ಗುಡ್ಡಗಳ ನಡುವೆ, ಹತ್ತು ವರ್ಷದ ಹಿಂದೆ ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿ ಅದು. ಮೂರು ಕಡೆ ಇನ್ನೂರು ಅಡಿ ಎತ್ತರದ ಕಲ್ಲಿನ ಗೋಡೆ. ನಾನು ಅಳೆದಿಲ್ಲ, ಆದರೆ ನಾನು ಹೇಳಿದ ಮೇಲೆ ಅಷ್ಟಿದ್ದೇ ಇರುತ್ತದೆ. ದಡದಲ್ಲಿ ಒಂದು ಹುಲ್ಲುಕಡ್ಡಿಯಿಲ್ಲ, ಕಪ್ಪೆಯಿಲ್ಲ, ಹಕ್ಕಿಯಿಲ್ಲ. ಸೊಳ್ಳೆಯೂ ಇಲ್ಲ. ಕೆಂಗೇರಿ ಕಡೆ ನಿಂತ ನೀರಿನಲ್ಲಿ ಸೊಳ್ಳೆ ಇಲ್ಲವೆಂದರೆ ಅದರಲ್ಲಿ ದೊಡ್ಡ ಕೇಡಿದೆ ಎಂದೇ ಲೆಕ್ಕ.

ಹೋದ ಸೋಮವಾರ ಫಕೀರೇಶ ಎಂಬ ಇಪ್ಪತ್ತನಾಲ್ಕು ವರ್ಷದ ಡೆಲಿವರಿ ರೈಡರ್ ಕುಡಿದು ಈಜಲು ಇಳಿದು ಇದೇ ನೀರಲ್ಲಿ ಮುಳುಗಿದ ಎಂದು ಪೊಲೀಸರು ಬರೆದುಕೊಂಡಿದ್ದರು. ದಡದಲ್ಲಿ ಅವನ ಅಂಗಿ, ಬೂಟು, ಡೆಲಿವರಿ ಚೀಲ ಸಿಕ್ಕಿದ್ದವು. ಹೆಣ ಸಿಕ್ಕಿರಲಿಲ್ಲ.

ಅವನ ಅಕ್ಕ ಸುವರ್ಣಾ ಈಗ ನನ್ನ ಬೆನ್ನ ಹಿಂದೆ, ರೊಟ್ಟಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ರೋಣದ ಕಡೆಯವಳು. ಉಲ್ಲಾಳದ ಒಂದು ಕೋಣೆಯಲ್ಲಿ ಖಡಕ್ ರೊಟ್ಟಿ ಬಡಿದು ವಿಜಯನಗರದ ಅಂಗಡಿಗಳಿಗೆಲ್ಲ ಹಾಕುವವಳು. ಕೈಬೆರಳು ಒಂದೊಂದೂ ಲಟ್ಟಣಿಗೆಯಷ್ಟು ಗಟ್ಟಿ.

“ಎಷ್ಟೊತ್ತು ಅದ್ದತೀರಿ ಅಣ್ಣಾರ? ಹನ್ನೊಂದಕ್ಕ ಮಣ್ಣಿನ ಗಾಡಿ ಬರ್ತಾವು.”

ಅದೇ ನಮ್ಮ ಅವಸರ. ಕ್ವಾರಿಯ ಮಾಲೀಕ ಕಾಂತರಾಜು ಇವತ್ತು ಹನ್ನೊಂದಕ್ಕೆ ಟಿಪ್ಪರ್ ತಂದು ಹೊಂಡಕ್ಕೆ ಮಣ್ಣು ತುಂಬಿಸಲಿದ್ದ. ‘ಇನ್ನೊಬ್ಬರ ಮಗ ಸಾಯೋದು ಬೇಡ’ ಎಂದು ಊರ ತುಂಬ ಹೇಳಿಕೊಂಡು ತಿರುಗಿದ್ದ. ಹುಡುಕಿದ್ದು ಸಾಕು, ತುಂಬಿಸಲು ನಮ್ಮ ಅಭ್ಯಂತರವಿಲ್ಲ ಎಂದು ಫಕೀರೇಶನ ಮನೆಯವರು ಒಂದು ಸಹಿ ಹಾಕಬೇಕಿತ್ತು, ಅಷ್ಟೇ. ಸುವರ್ಣಾ ನಾಲ್ಕು ದಿನದಿಂದ ಆ ಸಹಿ ಹಾಕಿರಲಿಲ್ಲ. ಹಾಕಿದರೆ ತಮ್ಮ ಕುಡಿದು ಸತ್ತವನಾಗುತ್ತಾನೆ, ಮೇಲೆ ಮಣ್ಣೂ ಬೀಳುತ್ತದೆ.

ನೂರು ಮುಗಿಯಿತು. ಅಡಕತ್ತರಿ ಎತ್ತಿದೆ. ಕರ್ರಗಿದ್ದ ಅಲಗು ಕೆಂಪಗೆ ಮಿನುಗುತ್ತಿತ್ತು.

“ಅದು ತುಕ್ಕು ಸಾರ್,” ಎಂದ ಮಧ್ವೇಶ್.

“ತುಕ್ಕಲ್ಲಪ್ಪ, ತಾಮ್ರ. ರಾಜಾಜಿನಗರದಲ್ಲಿ ತಾಮ್ರದ ಲೇಪ ಹಾಕೋ ಪ್ಲೇಟಿಂಗ್ ಶೆಡ್ ಪಕ್ಕದಲ್ಲೇ ನನ್ನ ಗೋಲಿಯಾಟ ಎಲ್ಲ. ಆ ತೊಟ್ಟಿಗೆ ಕಬ್ಬಿಣದ ಮೊಳೆ ಹಾಕಿದ್ರೆ ಹೀಗೇ ಕೆಂಪಗೆ ಬರ್ತಿತ್ತು. ಇದು ಬಂಡೆ ಸಂದೀಲಿ ಹುಟ್ಟಿದ ನೀರಲ್ಲ. ಯಾರೋ ಟ್ಯಾಂಕರಲ್ಲಿ ತಂದು ಸುರಿದಿರೋ ಫ್ಯಾಕ್ಟರಿ ನೀರು.”

“ಇರಬಹುದು ಸಾರ್. ನಮಗೇನು ಗೊತ್ತಾಗತ್ತೆ? ನಾವು ಮೇಲಿಂದ ತೋರಿಸಿ ಕರ್ಕೊಂಡು ಹೋಗೋರು.”

ಮಧ್ವೇಶ್ ವಿಜಯನಗರದಲ್ಲಿ ಟ್ರೆಕ್ಕಿಂಗ್ ಆಫೀಸು ಇಟ್ಟವನು. ಪ್ರತಿ ಭಾನುವಾರ ಇಪ್ಪತ್ತು ಜನರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದು ಈ ನೀಲಿ ಕೊಳ ತೋರಿಸುತ್ತಿದ್ದ. ಬಂದವರೆಲ್ಲ ಬಂಡೆಯ ಮೇಲೆ ನಿಂತು, ಕೈ ಚಾಚಿ, ಫೋಟೋ ಹಿಡಿಸಿಕೊಂಡು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವರ ಹಾಗೆ ಮನೆಗೆ ಹೋಗುತ್ತಿದ್ದರು. ಫಕೀರೇಶನ ಸುದ್ದಿ ಕೇಳಿ ಮನಸ್ಸು ಕರಗಿ, ತಾನಾಗಿಯೇ ಫೋನ್ ಮಾಡಿ, ನಮ್ಮನ್ನು ಬಿಟ್ಟಿಯಾಗಿ ಕರೆತಂದಿದ್ದ. ಒಳ್ಳೆಯವನು.

ಒಳ್ಳೆಯವನು ಒಂದೂವರೆ ಗಂಟೆ ನಡೆಸಿದ್ದ. ನೀಲಗಿರಿ ತೋಪು, ಲಂಟಾನದ ಮುಳ್ಳು, ಜಾರುಕಲ್ಲು. ನಾನು ಹಿಮಾಲಯವನ್ನು ಎರಡು ಸಲ ಹತ್ತಿ ಇಳಿಯಬಲ್ಲ ಗಂಡಾದರೂ ಇವತ್ತು ಮೂರು ಸಲ ಕೂತೆ. ಬೂಟಿನ ದಾರ ಕಟ್ಟಿಕೊಳ್ಳಲು ಕೂತೆ ಎಂದೇ ತಿಳಿಯಿರಿ. ಇಲ್ಲಿಗೆ ಬಂದು ನೋಡಿದರೆ, ದಡದ ಆಚೆ ತುದಿಯಿಂದ ಕೆಳಗೆ ಟಾರು ರಸ್ತೆಯ ತನಕ ಅಗಲವಾದ ಮಣ್ಣಿನ ರಸ್ತೆ!

“ಏನಪ್ಪ ಇದು?”

“ಟಿಪ್ಪರ್ ರೋಡ್ ಸಾರ್. ಅದರಲ್ಲಿ ಬಂದ್ರೆ ಹತ್ತೇ ನಿಮಿಷ. ಟ್ರೆಕ್ ಅನ್ಸಲ್ಲ.”

ಮೊಣಕಾಲು ಅವನಿಗೆ ಶಾಪ ಹಾಕಿತು. ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು. ಹೊಸ ಚಕ್ರದ ಗುರುತು. ಟಿಪ್ಪರ್ ಇನ್ನೂ ಬಂದಿಲ್ಲ; ಆದರೂ ಭಾರದ ಗಾಡಿಯೊಂದು ಈ ವಾರದಲ್ಲೇ ಬಂದು ಹೋಗಿತ್ತು.

ಸುವರ್ಣಾ ಬಂಡೆಯ ಮೇಲೆ ಕೂತಳು.

“ಅಣ್ಣಾರ, ಪೊಲೀಸ್ರು ತಗದ ಫೋಟೋ ನಿಮ್ಮ ಕಡೆ ಅದಾವಂದ್ರೆಲ್ಲ? ಒಮ್ಮೆ ತೋರಸ್ರಿ. ಸ್ಟೇಷನ್ನಾಗ ನಂಗ ಅಂಗಿ ಅಷ್ಟ ತೋರ್ಸ್ಯಾರ.”

ಫೋನು ಕೊಟ್ಟೆ. ಅಂಗಿಯ ಫೋಟೋ. ಡೆಲಿವರಿ ಚೀಲದ ಫೋಟೋ. ಬೂಟಿನ ಫೋಟೋ. ನಾಲ್ಕನೆಯದಕ್ಕೆ ಅವಳ ಬೆರಳು ನಿಂತಿತು.

“ಇದ ಏನ್ರಿ, ಬೂಟಿನಾಗ?”

“ಸುಣ್ಣದ ಡಬ್ಬಿ. ಎಲೆ ಅಡಿಕೆ ಹಾಕೋ ಅಭ್ಯಾಸ ಇತ್ತಲ್ವಾ ಅವನಿಗೆ?”

ಅವಳು ನನ್ನನ್ನು ನೋಡಿದ ನೋಟಕ್ಕೆ ನನ್ನ ಹದಿನೆಂಟು ವರ್ಷದ ಕೀರ್ತಿ ಮೂರು ಅಡಿ ಕುಗ್ಗಿತು.

“ನಿಮ್ಮ ತಲಿ ಸುಣ್ಣದ ಡಬ್ಬಿ!” ಎಂದಳು. ಸೆರಗಿನೊಳಗೆ ಕೈ ಹಾಕಿ ಕೊರಳಿನ ಬಿಳಿ ದಾರ ಎಳೆದಳು. ತುದಿಯಲ್ಲಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿಯ ಕರಡಿಗೆ. “ಇದರೊಳಗ ಲಿಂಗ ಐತ್ರಿ. ನಂದೂ ಅವಂದೂ ಒಂದ ದಿನ ಅಯ್ಯನೋರು ಕಟ್ಟ್ಯಾರ. ಜಳಕಾ ಮಾಡೂ ಮುಂದನೂ ಕೊರಳಿಂದ ಬಿಚ್ಚಂಗಿಲ್ಲ. ಸತ್ತ ಮ್ಯಾಲೂ ಬಿಚ್ಚಂಗಿಲ್ಲ, ಅದರ ಕೂಡನ ಮಣ್ಣು ಮಾಡ್ತೀವಿ.”

“ಈಜೋಕೆ ಇಳೀವಾಗ ತೆಗೆದಿಟ್ಟಿರಬಹುದಲ್ವಾ ಮೇಡಂ?” ಎಂದ ಮಧ್ವೇಶ್. “ನಮ್ಮ ಟ್ರೆಕ್ಕಿಗೆ ಬರೋರೆಲ್ಲ ಸರ, ವಾಚು ಶೂ ಒಳಗೇ ಇಡ್ತಾರೆ. ಕಳೆದುಹೋಗಲ್ಲ ನೋಡಿ.”

“ತಗದಾನ ಅಂತನ ತಿಳಕೋರಿ.” ಅವಳ ಧ್ವನಿ ಏರಿತು. “ಕಾಲಿಗೆ ಹಾಕ್ಕೊಳ್ಳೂ ಬೂಟಿನಾಗ ಲಿಂಗಾ ಇಡ್ತಾನ ನನ್ನ ತಮ್ಮ? ಜೀವಾ ಹೋದ್ರೂ ಇಡಂಗಿಲ್ಲ. ಇದನ್ನ ಇಟ್ಟ ಕೈ ಅವಂದಲ್ಲ!”

ಇದೆಲ್ಲ ನನಗೆ ಮೊದಲೇ ಹೊಳೆದಿತ್ತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಸುಣ್ಣದ ಡಬ್ಬಿಯ ಮಾತನ್ನು ಇಬ್ಬರು ಕೇಳಿಸಿಕೊಂಡುಬಿಟ್ಟಿದ್ದರು. ಪರವಾಗಿಲ್ಲ. ಹುಲಿ ಎರಡು ಹೆಜ್ಜೆ ಹಿಂದೆ ಸರಿಯುವುದು ನೆಗೆಯುವುದಕ್ಕೆ.

ಇಟ್ಟವನು ಕಳ್ಳನಲ್ಲ, ಕಳ್ಳನಾಗಿದ್ದರೆ ಬೆಳ್ಳಿ ಅವನ ಜೇಬಿಗೆ ಹೋಗುತ್ತಿತ್ತು. ಜೋಪಾನ ಮಾಡಿ ಇಟ್ಟಿದ್ದಾನೆ. ಆದರೆ ಅದೇನೆಂದು ಅರಿಯದವನು.

ನಾನು ಫೋಟೋವನ್ನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಕರಡಿಗೆಯ ದಾರ ಕಂಡಿತು.

“ಸುವರ್ಣಾ, ಈ ದಾರದ ಬಣ್ಣ ಯಾವುದು?”

“ಬಿಳೀದ್ರಿ. ಉಗಾದಿಗೆ ನಾನ ಹೊಸಾದ್ದು ಹಾಕೀನಿ.”

“ಸರಿಯಾಗಿ ನೋಡಮ್ಮ.”

ಫೋಟೋದಲ್ಲಿ ದಾರ ನೀಲಿಯಾಗಿತ್ತು. ಕೊಳದ್ದೇ ನೀಲಿ. ತುದಿ ಬಿಚ್ಚಿದ್ದಲ್ಲ, ಚಾಕುವಿನಲ್ಲಿ ಕೊಯ್ದದ್ದು. ಆದರೆ ಅಂಗಿ ಒಣಗಿತ್ತು, ಬೂಟು ಒಣಗಿತ್ತು, ಒಂದು ಹನಿ ನೀಲಿಯಿಲ್ಲ.

ನಾನು ಎದ್ದು ನಿಂತೆ. ಇಂಥ ಹೊತ್ತಿನಲ್ಲಿ ನಾನು ಕೂತು ಮಾತಾಡುವುದಿಲ್ಲ.

“ಕೇಳಿ. ಅಂಗಿ, ಬೂಟು ದಡದಲ್ಲಿ ಬಿಚ್ಚಿಟ್ಟಿದ್ದು ಫಕೀರೇಶನೇ. ಪ್ಯಾಂಟ್ ಸಿಕ್ಕಿಲ್ಲ, ಅಂದ್ರೆ ಈಜೋಕಲ್ಲ, ಅಂಚಲ್ಲಿ ಏನೋ ನೋಡೋಕೆ ಇಳಿದಿದ್ದಾನೆ. ಕೊರಳಲ್ಲಿ ಕರಡಿಗೆ ಇತ್ತು. ಮುಳುಗಿದ. ದಾರ ನೀಲಿಯಾಯ್ತು. ಆಮೇಲೆ ಆ ದಾರ ನೀರಿಂದ ಹೊರಗೆ ಬಂದು ಒಣಗಿದ ಬೂಟಿನೊಳಗೆ ಕೂತಿದೆ. ದಾರ ತಾನಾಗೇ ಈಜಿ ಬರಲ್ಲ. ಕೊರಳ ಜೊತೆಗೇ ಬಂದಿದೆ.”

ಸುವರ್ಣಾ ತಲೆ ಎತ್ತಿದಳು. “ಹಂಗಂದ್ರ?”

“ಹಂಗಂದ್ರೆ ನಿನ್ನ ತಮ್ಮ ಈ ನೀರಲ್ಲಿಲ್ಲ. ಯಾರೋ ಎಳೆದು ಹಾಕಿದ್ದಾರೆ.”

ಅವಳು ಅಳಲಿಲ್ಲ. ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನೊಳಗೆ ಸೇರಿಸಿದಳು. ಮಧ್ವೇಶ್ ಕೆಮ್ಮಿದ. ಅಷ್ಟರಲ್ಲಿ ಆಚೆ ರಸ್ತೆಯಿಂದ ಗುಡುಗಿನಂಥ ಸದ್ದು ಬಂತು.

ಮೂರು ಟಿಪ್ಪರ್. ಅವುಗಳ ಮುಂದೆ ಬಿಳಿ ಜೀಪು.

ಜೀಪಿನಿಂದ ಕಾಂತರಾಜು ಇಳಿದ. ಈ ಕಡೆಯ ಹಳೆಯ ಗೌಡರ ಮನೆತನ; ಹೊಲ ಹೋಗಿ ಲೇಔಟ್ ಆದ ಮೇಲೂ ಊರಿನ ಅರ್ಧ ಬಾಯಿ ‘ಗೌಡ್ರೇ’ ಎನ್ನುತ್ತದೆ. ಆನೆಯಂಥ ಆಳು. ನಾನು ಪಕ್ಕದಲ್ಲಿ ನಿಂತರೆ ಮಾತ್ರ ಸ್ವಲ್ಪ ಸಣ್ಣ ಕಾಣುತ್ತಾನೆ.

“ಏನ್ ಮುನಿರಾಜಣ್ಣ, ಪಿಕ್‌ನಿಕ್ಕಾ?” ಎಂದು ನಕ್ಕ. ಸುವರ್ಣಾಳ ಕಡೆ ತಿರುಗಿದಾಗ ನಗು ತಗ್ಗಿತು. “ನೋಡಮ್ಮ ತಾಯಿ, ನಾನೂ ಮಕ್ಕಳೊಂದಿಗ. ನಿನ್ನ ಸಂಕಟ ಗೊತ್ತಾಗತ್ತೆ. ನೀರಲ್ಲಿ ಮುಳುಗಿ ಹುಡುಕೋರು ಬಂದು ನೋಡಿದ್ರು, ಒಂದೇ ಗಂಟೇಲಿ ಕೈ ಬೊಬ್ಬೆ ಎದ್ದು ವಾಪಸ್ ಹೋದ್ರು. ಇನ್ನೇನು ಮಾಡೋಣ ಹೇಳು? ಈ ಕಾಗದಕ್ಕೆ ಒಂದು ಸಹಿ ಹಾಕು. ಪೂಜೆ ಮಾಡಿಸಿ ಮುಚ್ಚಿಬಿಡ್ತೀನಿ.”

“ಏನಂತ ಬರದೀರಿ?”

“ಅವನು ಕುಡಿದಿದ್ದ, ಈಜೋಕೆ ಇಳಿದ, ನಮಗೆ ಯಾರ ಮೇಲೂ ಅನುಮಾನ ಇಲ್ಲ, ಮುಚ್ಚೋದಕ್ಕೆ ಅಭ್ಯಂತರ ಇಲ್ಲ ಅಂತ.”

“ನಾಕೂ ಸುಳ್ಳ,” ಎಂದಳು ಸುವರ್ಣಾ.

“ಹಠ ಮಾಡಬೇಡಮ್ಮ. ಗಾಡಿ ಬಾಡಿಗೆಗೆ ನಿಂತಿದೆ. ಇವತ್ತು ಸಹಿ ಹಾಕಿದ್ರೂ ಮುಚ್ತೀನಿ, ಹಾಕದಿದ್ರೂ ಮುಚ್ತೀನಿ. ನನ್ನ ಜಮೀನು.” ಟಿಪ್ಪರ್ ಕಡೆ ಕೈ ಬೀಸಿದ. “ಬಿಡ್ರೋ ಹಿಂದಕ್ಕೆ!”

ಮೊದಲ ಟಿಪ್ಪರ್ ಹಿಮ್ಮುಖವಾಗಿ ಹೊಂಡದ ಅಂಚಿಗೆ ಬರತೊಡಗಿತು.

ಮುಂದೆ ನಡೆದದ್ದಕ್ಕೆ ನಾನೇ ಸಾಕ್ಷಿ. ಸುವರ್ಣಾ ಓಡಲಿಲ್ಲ, ಕೂಗಲಿಲ್ಲ. ನೆಟ್ಟಗೆ ನಡೆದುಹೋಗಿ ಟಿಪ್ಪರ್ ಬರುವ ದಾರಿಯ ಮಧ್ಯೆ ಚಕ್ಕಂಬಕ್ಕಲ ಹಾಕಿ ಕೂತಳು. ಗಂಟು ಬಿಚ್ಚಿದಳು. ಬಟ್ಟೆಯ ಮೇಲೆ ರೊಟ್ಟಿ ಇಟ್ಟಳು, ಶೇಂಗಾ ಚಟ್ನಿ ಪುಡಿ ಹಾಕಿದಳು, ಈರುಳ್ಳಿಯನ್ನು ಕಲ್ಲಿಗೆ ಕುಟ್ಟಿ ಒಡೆದಳು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

ಕಟುಂ!

ಆ ಸದ್ದನ್ನೂ ಕ್ವಾರಿ ತಿರುಗಿ ಹೇಳಿತು. ಟಿಪ್ಪರಿನ ಹಿಂದಿನ ಚಕ್ರ ಅವಳಿಗೆ ನಾಲ್ಕು ಮಾರು ದೂರದಲ್ಲಿ ನಿಂತಿತು.

“ಏಯ್, ಎದ್ದೇಳಮ್ಮ!” ಕಾಂತರಾಜು ಬೊಬ್ಬಿಟ್ಟ.

“ಉಣ್ಣಾಕತ್ತೇನ್ರಿ ಗೌಡ್ರ. ಉಣ್ಣೋರನ್ನ ಎಬ್ಬಸ್ತಾರೇನು? ಬೇಕಾದ್ರ ನೀವೂ ಕೂಡ್ರಿ, ರೊಟ್ಟಿ ಭಾಳ ಅದಾವ. ನಾ ಏಳಂಗಿಲ್ಲ. ನನ್ನ ಮ್ಯಾಲೂ ಮಣ್ಣ ಸುರೀರಿ, ಒಂದ ಖರ್ಚಿನಾಗ ಇಬ್ಬರದೂ ಆಕ್ಕತಿ.”

ಟಿಪ್ಪರ್ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಅಕ್ಕಾರ, ಯಾವೂರ್ರಿ ನಿಮ್ದು?”

“ರೋಣ. ನಿನ್ನ ಹೆಸರೇನಪಾ?”

“ವೀರೇಶ ರೀ. ನಮ್ದು ನರಗುಂದ.” ಅವನು ಎಂಜಿನ್ ಆರಿಸಿದ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ, ಇಳಿದು ಬಂದ. “ಆರು ತಿಂಗಳಾತ್ರಿ ಸರಿಯಾದ ರೊಟ್ಟಿ ತಿಂದು.”

ಸುವರ್ಣಾ ಎರಡು ರೊಟ್ಟಿ ಕೊಟ್ಟಳು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

“ಲೇ, ಬಾಡಿಗೆ ಯಾರು ಕೊಡ್ತಿರೋದು ನಿಂಗೆ?” ಎಂದ ಕಾಂತರಾಜು.

“ನೀವ ರೀ ಗೌಡ್ರ. ಆದ್ರ ಹೆಣ್ಮಗಳ ಮ್ಯಾಲೆ ಗಾಡಿ ಹತ್ತಸು ಅಂತ ಬಾಡಿಗ್ಯಾಗ ಮಾತಾಗಿಲ್ಲಲ್ರಿ.”

ಕಾಂತರಾಜುವಿನ ಮುಖ ಟೊಮ್ಯಾಟೊ ಆಯಿತು. ಕಾಗದವನ್ನು ಸುವರ್ಣಾಳ ಮುಖದ ಮುಂದೆ ಹಿಡಿದು ಜಾಡಿಸಿದ. “ಸಹಿ ಹಾಕು ಅಂದೆ!”

ಕಾಗದ ನನ್ನ ಕಣ್ಣಿಗೆ ಬೀಳಲಿಲ್ಲ. ಹಿಡಿದ ಕೈ ಬಿತ್ತು. ನಡುಬೆರಳಲ್ಲಿ ಕುದುರೆ ಲಾಳದ ಉಂಗುರ, ಸಾಡೇಸಾತಿ ಹಿಡಿದವರು ಶನಿದೇವರಿಗೆಂದು ಹಾಕಿಕೊಳ್ಳುವಂಥದು. ಗರುಡನ ಕಣ್ಣು ಮಂಕಾದಾಗ ನನ್ನದನ್ನು ಸಾಲ ಕೇಳುತ್ತದೆ. ಆ ಕಣ್ಣಿಗೆ ಕಂಡದ್ದು ಉಂಗುರದ ಸಂದಿಯ ಬಣ್ಣ.

“ಗೌಡ್ರೇ, ಶನಿ ಉಂಗುರಾನ ತಾಮ್ರದಲ್ಲಿ ಮಾಡಿಸಿದ್ದೀರಾ?”

“ತಾಮ್ರದಲ್ಲಿ ಯಾರು ಮಾಡಿಸ್ತಾರಯ್ಯ? ಕಬ್ಬಿಣ ಇದು. ಕುದುರೆ ಕಾಲಿಂದ ಬಿದ್ದ ಲಾಳ ಹುಡುಕಿ ಮಾಡಿಸಿರೋದು. ಮೂರು ಶನಿವಾರ ಎಣ್ಣೇಲಿ ನೆನೆಸಿದ್ದೀನಿ.”

“ನೀರಲ್ಲಿ ಎಷ್ಟೊತ್ತು ನೆನೆಸಿದ್ರಿ?”

“ಏನು?”

ನನ್ನ ಅಡಕತ್ತರಿಯನ್ನು ಅವನ ಬೆರಳಿನ ಪಕ್ಕಕ್ಕೆ ಹಿಡಿದೆ. ಉಂಗುರದ ಮೇಲ್ಮೈ ತಿಕ್ಕಾಟಕ್ಕೆ ಕಪ್ಪಾಗಿತ್ತು. ಆದರೆ ಮಡಿಕೆಯ ಸಂದಿಗಳಲ್ಲಿ ಅಡಕತ್ತರಿಯದ್ದೇ ಕೆಂಪು. ಅಕ್ಕಪಕ್ಕ ಹಿಡಿದರೆ ಅವಳಿ ಮಕ್ಕಳು.

“ಕಬ್ಬಿಣ ಈ ಹೊಂಡಕ್ಕೆ ಬಿದ್ರೆ ಹೀಗಾಗತ್ತೆ. ನಮ್ಮೂರಿನ ಬೇರೆ ಯಾವ ಕೆರೇಲೂ ಆಗಲ್ಲ. ‘ಆ ನೀರಿನ ಹತ್ರ ವರ್ಷದಿಂದ ಕಾಲಿಟ್ಟಿಲ್ಲ’ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದೀರಿ. ಕಾಲಿಟ್ಟಿಲ್ಲ ಸರಿ. ಕೈ ಯಾಕೆ ಇಟ್ರಿ?”

ಕಾಂತರಾಜು ಕೈ ಹಿಂದಕ್ಕೆ ಎಳೆದುಕೊಂಡ. ಇಂಥ ಹೊತ್ತಿನಲ್ಲಿ ನಾನು ಹಾಕುವ ಒಂದು ಗರ್ಜನೆಯಿದೆ. ಕೇಳಿದವರು ತಮ್ಮ ತಾತನ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ. ಅದಕ್ಕಾಗಿ ಉಸಿರು ತುಂಬಿಕೊಂಡೆ.

ಸುವರ್ಣಾ ನನ್ನನ್ನು ಕೈಯಲ್ಲೇ ತಡೆದಳು. ಎದ್ದು ಕಾಂತರಾಜುವಿನ ಎದುರು ನಿಂತಳು. ಅವಳ ತಲೆ ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ.

“ಗೌಡ್ರ, ನೀವ ಅವನ್ನ ಹೊರಗ ಎಳದೀರಿ. ಹೌದಲ್ರಿ? ದೂಡಿದ ಕೈ ಆಗಿದ್ರ ದಾರ ಕೊಯ್ದು ಬೆಳ್ಳಿ ಜ್ವಾಪಾನ ಮಾಡ್ತಿರಲಿಲ್ಲ. ಅದು ಪುಣ್ಯದ ಕೈ. ಪುಣ್ಯಾ ಮಾಡಿ ಯಾಕ ಮುಚ್ಚಿಡ್ತೀರಿ?”

ಆನೆ ಕುಸಿಯಿತು. ನಿಜವಾಗಿ ಹೇಳುತ್ತೇನೆ, ಅವನು ಟಿಪ್ಪರಿನ ಚಕ್ರಕ್ಕೆ ಒರಗಿ ಕೂತಾಗ ಗಾಡಿ ಅಲುಗಿತು.

“ಆ ದಾರ ಕತ್ತಿಗೆ ಅಂಟಿಕೊಂಡು ಚರ್ಮ ಸುಡ್ತಿತ್ತು ಕಣಮ್ಮ,” ಎಂದ. “ಅದಕ್ಕೇ ಕೊಯ್ದೆ. ಬೆಳ್ಳಿ ಡಬ್ಬಿ, ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಶೂ ಒಳಗೆ ಇಟ್ಟೆ. ತಪ್ಪಾಯ್ತಾ?”

“ಭಾಳ ದೊಡ್ಡ ತಪ್ಪ್ರಿ. ಆದ್ರ ಆ ತಪ್ಪಿನಿಂದನ ಅವ ನೀರಾಗಿಲ್ಲ ಅಂತ ನಂಗ ಗೊತ್ತಾತು.” ಅವಳು ಬಗ್ಗಿದಳು. “ಜೀವ ಇತ್ತೇನ್ರಿ?”

“ಇತ್ತು. ನೀಲಿ ವಾಂತಿ ಮಾಡಿಕೊಂಡ. ಕಣ್ಣು ಬಿಡೋಕಾಗ್ತಿರಲಿಲ್ಲ. ಆದ್ರೆ ಉಸಿರಿತ್ತು. ‘ಅಕ್ಕಾ’ ಅಂದ, ಎರಡು ಸಲ.”

ಸುವರ್ಣಾ ಕಣ್ಣು ಮುಚ್ಚಿ ತೆರೆದಳು. “ಎಲ್ಲಿ ಅದಾನ?”

“ಟ್ಯಾಂಕರ್ ಪೈಪಿನ ಬಾಯನ್ನ ವಿಡಿಯೋ ಮಾಡೋಕೆ ಇಳಿದಿದ್ದ. ಟ್ಯಾಂಕರ್ ನಂದಲ್ಲಮ್ಮ. ಜಾಗ ನಂದು, ಸುರಿಯೋಕೆ ಬಿಟ್ಟಿದ್ದೆ, ಆ ಪಾಪ ನಂದೇ. ನಾನು ಎಳೆದು ಹಾಕಿದ ಮೇಲೆ, ಆಸ್ಪತ್ರೆಗೆ ಸೇರಿಸ್ತೀನಿ ಅಂತ ಒಬ್ಬ ವ್ಯಾನಿಗೆ ಹಾಕ್ಕೊಂಡು ಹೋದ. ಆಮೇಲೆ ಬಂದು ‘ದಾರೀಲಿ ಹೋಗಿಬಿಟ್ಟ, ನೀವೂ ಸಿಕ್ಕಿಬೀಳ್ತೀರಿ, ಬಾಯಿ ಮುಚ್ಚಿ, ಹೊಂಡಾನೂ ಮುಚ್ಚಿ’ ಅಂದ.”

“ಯಾರು?” ಎಂದೆ.

ಕಾಂತರಾಜು ನನ್ನ ಭುಜದ ಆಚೆ ನೋಡಿದ.

“ಸಾಕು ಗೌಡ್ರೇ,” ಎಂದ ಮಧ್ವೇಶ್.

ಬೆಳಗಿನಿಂದ ನಮಗೆ ನೀರು ಕುಡಿಸಿ, ಮುಳ್ಳು ಸರಿಸಿ, ಕೈ ಹಿಡಿದು ಕರೆತಂದ ಅದೇ ಮಧ್ವೇಶ್. ನಮಗೆ ಏನು ಸಿಗುತ್ತದೆಂದು ಕಾವಲು ಕಾಯಲು ಬಂದಿದ್ದ. ಈಗ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

“ನೀರಿಗೆ ವಿಷ ಹಾಕೋನೂ ಅವನೇ, ಟಿಕೆಟ್ ಹರಿದು ತೋರಿಸೋನೂ ಅವನೇ,” ಕಾಂತರಾಜು ಹಲ್ಲು ಕಚ್ಚಿದ. “ವಾರವೆಲ್ಲ ಟ್ಯಾಂಕರು, ಭಾನುವಾರ ಟ್ರೆಕ್ಕು! ಸತ್ತ ಅಂದೆಯಲ್ಲೋ, ಸತ್ತಿದ್ರೆ ಹೆಣ ಎಲ್ಲೋ?”

“ಸತ್ತಿಲ್ಲ ಗೌಡ್ರೇ. ಸತ್ತ ಅಂದ್ರೆ ನೀವು ಬಾಯಿ ಮುಚ್ಕೊಂಡಿರ್ತೀರಿ ಅಂತ ಹಾಗಂದೆ.” ಮಧ್ವೇಶ್ ಸುವರ್ಣಾಳ ಕಡೆ ತಿರುಗಿದ. “ಮೇಡಂ, ನಿಮ್ಮ ತಮ್ಮ ಬದುಕಿದ್ದಾನೆ. ಆ ವಿಡಿಯೋ ಯಾರಿಗೆ ಕಳಿಸಿದ್ದಾನೆ ಅಂತ ಇನ್ನೂ ಬಾಯಿ ಬಿಟ್ಟಿಲ್ಲ, ಅಷ್ಟೇ. ಈಗ ಆ ಕಾಗದಕ್ಕೆ ಸಹಿ ಹಾಕಿ. ಸತ್ತ ಅಂತ ಸಹಿ ಹಾಕಿದ್ರೆ ಸಂಜೆಯೊಳಗೆ ಬದುಕಿರೋನನ್ನ ಬಸ್‌ ಸ್ಟ್ಯಾಂಡಲ್ಲಿ ನೋಡ್ತೀರಿ. ಊರಿಗೆ ಕರ್ಕೊಂಡು ಹೋಗಿ. ಹಾಕಲ್ಲ ಅಂದ್ರೆ…” ಕೊಳದ ಕಡೆ ಗಲ್ಲ ತಿರುಗಿಸಿದ. “ಅವನು ಇಲ್ಲೇ ಸತ್ತ ಅಂತ ಊರಿಗೆಲ್ಲ ಗೊತ್ತಿದೆ. ನಾನು ಹೊಸದಾಗಿ ಏನೂ ಹೇಳಬೇಕಾಗಿಲ್ಲ.”

ನನ್ನ ನಾಲಿಗೆ, ಕೋರ್ಟಿನಲ್ಲಿ ಮೂವರು ವಕೀಲರನ್ನು ಮೂರ್ಛೆ ಬೀಳಿಸಿದ ನಾಲಿಗೆ, ಅಂಗುಳಕ್ಕೆ ಅಂಟಿತು.

ಸುವರ್ಣಾ ಕಾಗದ ಎತ್ತಿಕೊಂಡಳು. “ಪೆನ್ನ ಕೊಡ್ರಿ,” ಎಂದಳು.

“ಬೇಡಮ್ಮ!” ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಕಾಗದವನ್ನು ಬೋರಲು ಮಾಡಿ ಈರುಳ್ಳಿ ಒಡೆದ ಕಲ್ಲಿನ ಮೇಲಿಟ್ಟಳು. ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಒತ್ತಿ ಬರೆದು, ಗಟ್ಟಿಯಾಗಿ ಓದಿದಳು:

“ಫಕೀರೇಶ ಈ ನೀರಿನಿಂದ ಜೀವಂತ ಹೊರಗೆ ಬಂದಿದ್ದಾನೆ. ಮಧ್ವೇಶ ಅವನನ್ನು ವ್ಯಾನಿನಲ್ಲಿ ಒಯ್ದಿದ್ದಾನೆ. ಹೊಂಡ ಮುಚ್ಚಲು ನಾನು ಒಪ್ಪುವುದಿಲ್ಲ.”

ಕೆಳಗೆ ಸಹಿ ಹಾಕಿದಳು. ಪೆನ್ನನ್ನು ಕಾಂತರಾಜುವಿನ ಮುಂದೆ ಚಾಚಿದಳು. “ಗೌಡ್ರ, ಎಳದೋರು ನೀವು. ಸಾಕ್ಷಿ ಹಾಕ್ರಿ.”

“ಅವನ್ನ ಕೊಂದುಬಿಡ್ತಾನೆ ಕಣಮ್ಮ,” ಕಾಂತರಾಜು ಪಿಸುಗುಟ್ಟಿದ.

“ಸಹಿ ಹಾಕಿದ್ರ ಬಿಡ್ತಾನೇನ್ರಿ? ಕಾಗದದಾಗ ಸತ್ತೋನನ್ನ ಕೊಂದ್ರ ಕೇಳೋರು ಯಾರು? ಬರವಣಿಗಿಯೊಳಗ ಬದುಕಿರಬೇಕ್ರಿ ಅವ. ಹಾಕ್ರಿ.”

ಕಾಂತರಾಜು ಪೆನ್ನು ತೆಗೆದುಕೊಂಡ.

ಮಧ್ವೇಶ್‌ನ ಮುಖದಲ್ಲಿ ಮೊದಲ ಸಲ ಬೆವರು ಕಂಡಿತು. “ತಮಾಷೆ ಅನ್ಕೊಂಡಿದ್ದೀರಾ? ಒಂದು ನಿಮಿಷ. ನೀವೇ ಅವನ ಬಾಯಲ್ಲಿ ಕೇಳಿ, ಆಮೇಲೆ ಹಾಕಿ.” ಫೋನ್ ತೆಗೆದ, ಸ್ಪೀಕರ್ ಹಾಕಿದ. “ಶ್ರೀರಾಮಾ, ಅವನಿಗೆ ಕೊಡು ಫೋನ್. ಅಕ್ಕನ ಹತ್ರ ಮಾತಾಡ್ಲಿ.”

ಆಚೆಯಿಂದ ಬಂದದ್ದು ಗಂಡಸಿನ ಧ್ವನಿಯಲ್ಲ.

“ನಾನು ಸಾಮಿ, ಕಸ ಗುಡಿಸೋ ಚಿಕ್ಕಗಂಗಮ್ಮ. ಶ್ರೀರಾಮಪ್ಪನ ಫೋನು ಕ್ವಾಣೇಲಿ ಬಿದ್ದಿತ್ತು. ಕಾಯ್ತಿದ್ದ ಶ್ರೀರಾಮಪ್ಪನೂ ಇಲ್ಲ, ಮಲಗಿದ್ದೋನೂ ಇಲ್ಲ. ಹಿತ್ತಲ ಬಾಗಿಲು ತೆಗ್ದೈತೆ. ಹೊಸ್ತಿಲಲ್ಲಿ ರಕ್ತ ಐತೆ ಸಾಮಿ, ಬೇಜಾನ್ ಐತೆ.”

ಮಧ್ವೇಶ್ ಬಂಡೆಯಿಂದ ಧಡಕ್ಕನೆ ಇಳಿದ. ಬಂಡೆಗಳು ‘ಐತೆ, ಐತೆ’ ಎಂದವು.

ಸುವರ್ಣಾ ಎರಡೇ ಹೆಜ್ಜೆಗೆ ಫೋನಿನ ಹತ್ತಿರ ಇದ್ದಳು. “ಅವ್ವಾ, ರಕ್ತದಾಗ ಹೆಜ್ಜಿ ಎಷ್ಟ ಮಂದೀದು ಅದಾವ? ನೋಡಿ ಹೇಳು.”

ಸ್ವಲ್ಪ ಹೊತ್ತು ಚಪ್ಪಲಿ ಎಳೆಯುವ ಸದ್ದು.

“ಒಬ್ಬರದೇ ತಾಯಿ. ಗೇಟಿನ ತಂಕ ಹೋಗೈತೆ.”

ಇಬ್ಬರಲ್ಲಿ ಒಬ್ಬನೇ ನಡೆದುಹೋಗಿದ್ದ. ಇನ್ನೊಬ್ಬ?

“ಆ ಮನಿ ಯಾವ ಊರಾಗ ಐತಿ, ಅವ್ವಾ? ಜಲ್ದಿ ಹೇಳು!”

“ಇದು ತಾಯಿ, ನಮ್ಮ…”

ನಾನು ಚಿರತೆಯಂತೆ ನೆಗೆದೆ. ಈ ಒಂದು ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೂ ತಡವಾಗಿತ್ತು. ಮಧ್ವೇಶ್‌ನ ತೋಳು ಬೀಸಿತು. ಇನ್ನೂ ಮಾತಾಡುತ್ತಿದ್ದ ಆ ಫೋನು ಬಿಸಿಲಿನಲ್ಲಿ ಒಮ್ಮೆ ಮಿಂಚಿ ನೀಲಿ ನೀರಿಗೆ ಬಿತ್ತು.